ಒಯ್ಯುವವನೇ ಓದುವವನಾದಾಗ

ದೊಡ್ಡಬಳ್ಳಾಪುರ ತಾಲ್ಲೂಕಿನ ರಾಜಘಟ್ಟದಲ್ಲಿ ಮೈಸೂರು ವಿಶ್ವವಿದ್ಯಾಲಯದ ಪುರಾತತ್ವಜ್ಞರು ಪ್ರೊ. ಎಂ.ಎಸ್. ಕೃಷ್ಣಮೂರ್ತಿ ಅವರ ನೇತೃತ್ವದಲ್ಲಿ 2001ರಲ್ಲಿ ನೆಲ ಅಗೆಯತೊಡಗಿದಾಗ ಇಟ್ಟಿಗೆಯ ಚೈತ್ಯ ಸಿಕ್ಕಿತು, ಭಿಕ್ಷುಗಳಿದ್ದ ವಿಹಾರ ಸಿಕ್ಕಿತು, ಜೊತೆಗೆ ಮಣ್ಣಿನಲ್ಲಿ ಮಾಡಿದ ಪುಟ್ಟ ಪುಟ್ಟ ಹರಕೆ ಸ್ತೂಪಗಳು ಸಿಕ್ಕವು. ಆ ಸ್ತೂಪಗಳ ಒಡಲಲ್ಲಿ ಬ್ರಾಹ್ಮಿ ಅಕ್ಷರಗಳನ್ನು ಒತ್ತಿದ ಮಣ್ಣಿನ ಬಿಲ್ಲೆಗಳಿದ್ದವು. ಸುಮಾರು ಒಂದೂವರೆ ಸಾವಿರ ವರ್ಷಗಳ ಹಿಂದೆ ಈ ಊರಿಗೆ ಬಂದ ಭಕ್ತರು ಒಂದು ಬರಹವನ್ನು ಒತ್ತಿಸಿ, ಅದನ್ನು ಮಣ್ಣಿನೊಳಗೆ ಮುಚ್ಚಿ, ಯಾರೂ ಓದದ ಹಾಗೆ ಅರ್ಪಿಸಿ ಹೋಗಿದ್ದರು. ಇದನ್ನು ಖಾಸಗಿತನದ ಹಕ್ಕಿನ ಘೋಷಣೆ ಎಂದು ಓದಿದರೆ ಅದು ಇತಿಹಾಸಕ್ಕೆ ಮಾಡುವ ಅನ್ಯಾಯ. ಆ ಬಿಲ್ಲೆಯಲ್ಲಿದ್ದುದು ಗುಟ್ಟಲ್ಲ, ಬೌದ್ಧರೆಲ್ಲರಿಗೂ ಗೊತ್ತಿದ್ದ ಧರ್ಮವಾಕ್ಯ. ಮುಚ್ಚಿದ್ದು ಪುಣ್ಯಕ್ಕಾಗಿ, ಭಯದಿಂದಲ್ಲ. ಆದರೂ ಅದು ಒಂದು ಮಾತನ್ನು ನಿಸ್ಸಂದೇಹವಾಗಿ ಹೇಳುತ್ತದೆ. ಬರೆದ ಮಾತು ಯಾರ ಕಣ್ಣಿಗೆ ಬೀಳಬೇಕು, ಯಾರ ಕಣ್ಣಿಗೆ ಬೀಳಬಾರದು ಎಂದು ತೀರ್ಮಾನಿಸುವುದು ಬರೆದವನ ಕೆಲಸ ಎಂಬ ತಿಳಿವಳಿಕೆ ಈ ನೆಲಕ್ಕೆ ಹೊಸದಲ್ಲ. ಆ ತೀರ್ಮಾನ ಬರೆದವನ ಕೈಯಿಂದ ಯಾವಾಗ, ಯಾರ ಕೈಗೆ, ಯಾವ ನೆಪದಲ್ಲಿ ಜಾರಿತು ಎಂಬುದೇ ಇಲ್ಲಿ ಕೇಳಬೇಕಾದ ಪ್ರಶ್ನೆ. ನಮ್ಮ ಸಂದೇಶಗಳು ತಂತಿಯ ಮೇಲೆ, ಗಾಳಿಯ ಮೇಲೆ ಹರಿಯುತ್ತಿರುವ ಈ ಕಾಲಕ್ಕೂ ಅದರ ಉತ್ತರ ಹಳೆಯ ಮೈಸೂರು ಸೀಮೆಯ ಚರಿತ್ರೆಯಲ್ಲಿದೆ.

ಮೈಸೂರಿನಲ್ಲಿ ಅಂಚೆಯನ್ನು ಕಟ್ಟಿದವನು ಚಿಕ್ಕದೇವರಾಜ ಒಡೆಯರ್. ವರ್ಷ 1672. ರಾಜ್ಯದ ಉದ್ದಗಲಕ್ಕೂ ಓಟಗಾರರನ್ನು ನಿಲ್ಲಿಸಿ, ಒಬ್ಬನಿಂದ ಒಬ್ಬನಿಗೆ ಓಲೆ ದಾಟಿಸುವ ಆ ಏರ್ಪಾಡು ಆಡಳಿತದ ದೊಡ್ಡ ಸಾಧನೆಯೇ ಸರಿ. ಶಾಲೆಯ ಪಾಠಗಳಲ್ಲಿ ಅದನ್ನು ಹೆಮ್ಮೆಯಿಂದ ಹೇಳುತ್ತೇವೆ, ಹೇಳಬೇಕು ಕೂಡ. ಆದರೆ ಪಾಠ ಅಲ್ಲಿಗೇ ನಿಂತುಬಿಡುತ್ತದೆ. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದು, ದಕ್ಷಿಣ ಭಾರತದ ಚರಿತ್ರೆಯ ಮೊದಲ ಸಂಪುಟವನ್ನು 1810ರಲ್ಲಿ ಪ್ರಕಟಿಸಿದ ಮಾರ್ಕ್ ವಿಲ್ಕ್ಸ್ ಈ ಅಂಚೆಯ ಇನ್ನೊಂದು ಮುಖವನ್ನು ದಾಖಲಿಸಿದ್ದಾನೆ. ಅವನ ಪ್ರಕಾರ ಮೈಸೂರಿನ ಅಂಚೆ ಬರಿಯ ಸುದ್ದಿ ಸಾಗಿಸುವ ಸಾಧನವಾಗಿರಲಿಲ್ಲ, ಅದೊಂದು ಪೊಲೀಸ್ ಯಂತ್ರವಾಗಿತ್ತು. ಅಂಚೆಯ ಮುಖ್ಯಸ್ಥರು ಅರಮನೆಯ ನಂಬಿಕೆಯ ಆಳುಗಳು. ಕೆಳಗಿನ ನೌಕರರು ಬೇಹುಗಾರರು. ತಾವಿದ್ದ ಸೀಮೆಯಲ್ಲಿ ಗುಟ್ಟಾಗಿ ಏನೇನು ನಡೆಯುತ್ತಿದೆ ಎಂದು ಅವರು ತಪ್ಪದೆ ವರದಿ ಒಪ್ಪಿಸುತ್ತಿದ್ದರು. ಹೈದರಾಲಿಯ ಕಾಲಕ್ಕೆ ಈ ಹತೋಟಿ ಇನ್ನಷ್ಟು ಬಿಗಿಯಾಯಿತು. ದೊಡ್ಡಬಳ್ಳಾಪುರದ ಸೀಮೆ ಅದರ ಜಹಗೀರುದಾರ ಅಬ್ಬಾಸ್ ಕುಲಿ ಖಾನನ ಕೈತಪ್ಪಿ ಹೈದರನಿಗೆ ಸೇರಿದ್ದು 1761ರಲ್ಲಿ. ರಾಜಘಟ್ಟದ ಸುತ್ತಲಿನ ಊರುಗಳು ಅಂದಿನಿಂದ ಅದೇ ಹತೋಟಿಯ ಒಳಗಾದವು. ಅಂದರೆ ನಮ್ಮ ನಾಡಿನಲ್ಲಿ ಸಂದೇಶ ಒಯ್ಯುವ ವ್ಯವಸ್ಥೆ ಮತ್ತು ಗುಟ್ಟು ಕದ್ದು ತಿಳಿಯುವ ವ್ಯವಸ್ಥೆ ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಅವಳಿಗಳು. ಒಂದರ ಹೊಗಳಿಕೆಯಲ್ಲಿ ಇನ್ನೊಂದನ್ನು ಮರೆತದ್ದರಿಂದಲೇ ಕದ್ದಾಲಿಕೆಯನ್ನು ನಾವು ಇಂಟರ್ನೆಟ್ ಕಾಲದ ಪಿಡುಗು ಎಂದುಕೊಂಡಿದ್ದೇವೆ.

ವಿಲ್ಕ್ಸನ ಮಾತನ್ನು ಹಾಗೇ ನಂಬಬಹುದೇ ಎಂಬ ಆಕ್ಷೇಪ ನ್ಯಾಯವಾದದ್ದು. ಅವನು ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ. ಮೈಸೂರಿನ ಹಿಂದಿನ ಆಳ್ವಿಕೆಗಳನ್ನು ಕ್ರೂರವೆಂದು ತೋರಿಸಿದಷ್ಟೂ ಕಂಪನಿಯ ಆಳ್ವಿಕೆ ಸಾತ್ವಿಕವಾಗಿ ಕಾಣುತ್ತಿತ್ತು. ಅವನ ದನಿಯಲ್ಲಿರುವ ತಿರಸ್ಕಾರವನ್ನು ಕಳೆದೇ ಓದಬೇಕು. ಆದರೆ ತಿರಸ್ಕಾರ ಕಳೆದ ಮೇಲೂ ವಿವರ ಉಳಿಯುತ್ತದೆ, ಮತ್ತು ಆ ವಿವರ ಅಸಂಭವವೂ ಅಲ್ಲ. ಹೊಸ ತೆರಿಗೆಗಳ ವಿರುದ್ಧ ರೈತರು ತಿರುಗಿಬಿದ್ದಿದ್ದ ರಾಜ್ಯದಲ್ಲಿ ಹಳ್ಳಿಗಳ ಮಾತು ಅರಮನೆಗೆ ತಿಳಿಯಬೇಕಿತ್ತು. ಇನ್ನು ಕಂಪನಿಯ ಸಾತ್ವಿಕತೆಯ ಮಾತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಅದೇ ಮೇ ತಿಂಗಳಲ್ಲಿ ಗವರ್ನರ್ ಜನರಲ್ ವೆಲ್ಲೆಸ್ಲಿ ಪತ್ರಿಕೆಗಳ ಮೇಲೆ ಪೂರ್ವ ಪರಿಶೀಲನೆಯ ನಿಯಮ ಹೇರಿದ. ಸರ್ಕಾರದ ಕಾರ್ಯದರ್ಶಿ ಓದಿ ಒಪ್ಪದೆ ಯಾವ ಪತ್ರಿಕೆಯೂ ಅಚ್ಚಾಗುವಂತಿರಲಿಲ್ಲ. ಮೈಸೂರಿನ ಅರಸ ಜನರ ಗುಟ್ಟು ಕದಿಯುತ್ತಿದ್ದ ಎಂದು ದೂರಿದವರು ತಮ್ಮ ಪತ್ರಿಕೆಯನ್ನು ತಾವೇ ಮೊದಲು ನೋಡುವ ಕಾನೂನು ಮಾಡಿಕೊಂಡರು.

ಈ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಕಾಡುವ ದಾಖಲೆಯೊಂದಿದೆ. ರಾಜಘಟ್ಟದ ಪಕ್ಕದ ತಾಲ್ಲೂಕು ದೇವನಹಳ್ಳಿ. ಅಲ್ಲಿ ಹುಟ್ಟಿದ ಟಿಪ್ಪು ಸುಲ್ತಾನ್ ತನ್ನ ಕನಸುಗಳನ್ನು ಪಾರಸಿಯಲ್ಲಿ, ಸ್ವಂತ ಕೈಬರಹದಲ್ಲಿ ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದ. 1785ರಿಂದ 1798ರವರೆಗಿನ ಮೂವತ್ತೇಳು ಕನಸುಗಳು ಅದರಲ್ಲಿವೆ. ಶ್ರೀರಂಗಪಟ್ಟಣ ಬಿದ್ದ ಮೇಲೆ ಅರಮನೆಯ ಗುಪ್ತ ಕಾಗದಗಳ ನಡುವೆ ಅದು ಕರ್ನಲ್ ವಿಲಿಯಂ ಕರ್ಕ್‌ಪ್ಯಾಟ್ರಿಕ್‌ಗೆ ಸಿಕ್ಕಿತು. ಅದನ್ನು ಹುಡುಕಿ ತೆಗೆದಾಗ ಸುಲ್ತಾನನ ಮುನ್ಷಿ ಹಬೀಬುಲ್ಲಾ ಅಲ್ಲೇ ಇದ್ದ. ಅಂಥದ್ದೊಂದು ಪುಸ್ತಕ ಇದೆಯೆಂದು ಅವನಿಗೆ ಗೊತ್ತಿತ್ತು, ಒಳಗೇನಿದೆ ಎಂದು ಗೊತ್ತಿರಲಿಲ್ಲ. ಓದುವಾಗಲೂ ಬರೆಯುವಾಗಲೂ ಸುಲ್ತಾನ ಅದನ್ನು ಯಾರ ಕಣ್ಣಿಗೂ ಬೀಳದಂತೆ ಮರೆಮಾಡುತ್ತಿದ್ದ. ಆ ಪುಸ್ತಕ ಹಡಗು ಹತ್ತಿ ಲಂಡನ್ನಿನ ಕಂಪನಿ ನಿರ್ದೇಶಕರ ಮೇಜಿಗೆ ಹೋಯಿತು. ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ. ಚರಿತ್ರಕಾರರಿಗೆ ಅದು ನಿಧಿ, ಒಪ್ಪುತ್ತೇನೆ. ಆದರೆ ಅದು ಕಲಿಸುವ ಪಾಠ ಬೇರೆ. ಊರೂರಿನಲ್ಲಿ ಬೇಹುಗಾರರನ್ನಿಟ್ಟಿದ್ದ ಅಂಚೆಯ ಒಡೆಯನಾಗಿದ್ದವನೇ ತನ್ನ ಕನಸನ್ನು ತನ್ನ ಮುನ್ಷಿಯಿಂದ ಬಚ್ಚಿಡಬೇಕಾಗಿತ್ತು. ಮರೆ ಬೇಕೆನ್ನುವ ಹಂಬಲ ಅಪರಾಧಿಯದಷ್ಟೇ ಅಲ್ಲ, ಶ್ರೀಮಂತನದಷ್ಟೇ ಅಲ್ಲ, ದುರ್ಬಲನದಷ್ಟೇ ಅಲ್ಲ, ಅದು ಮನುಷ್ಯನದು. ಮುಚ್ಚಿಡಲು ಏನೂ ಇಲ್ಲದವನು ಹೆದರಬೇಕಿಲ್ಲ ಎಂದು ಈಗಲೂ ಹೇಳುವವರಿದ್ದಾರೆ. ಅವರು ಆ ಕನಸಿನ ಪುಸ್ತಕವನ್ನು ನೆನೆಯಲಿ: ಅದರಲ್ಲಿ ಅಪರಾಧವಿರಲಿಲ್ಲ, ಆದರೂ ಅದು ಅವನೊಬ್ಬನದಾಗಿತ್ತು. ಮತ್ತು ಅಧಿಕಾರ ಹೋದ ದಿನವೇ ಆ ಮರೆಯೂ ಹೋಯಿತು.

ಒಳ್ಳೆಯವರು ಆಳಿದರೆ ಈ ಭಯವಿಲ್ಲ ಎಂಬ ವಾದವೂ ಇದೆ. ಜನಸಾಮಾನ್ಯರಲ್ಲಿ ಇದು ಬಲವಾದ ನಂಬಿಕೆ, ಆದ್ದರಿಂದ ಇದಕ್ಕೆ ಉತ್ತರ ಹೇಳಲೇಬೇಕು. ಚಿಕ್ಕದೇವರಾಜ ಸ್ವತಃ ವಿದ್ವಾಂಸ; ಸಂಚಿಯ ಹೊನ್ನಮ್ಮನಂಥ ಕವಯಿತ್ರಿ ಬೆಳೆದದ್ದು ಅವನ ಆಸ್ಥಾನದಲ್ಲಿ. ಅಂಥವನ ಅಂಚೆಯೇ ಬೇಹುಗಾರಿಕೆಯ ಅಂಚೆಯಾಗಿತ್ತು. ಎರಡು ಶತಮಾನ ಕಳೆದು ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲಕ್ಕೆ ಬನ್ನಿ. ಆದರ್ಶ ಸಂಸ್ಥಾನವೆಂದು ಹೆಸರಾದ ಅದೇ ಮೈಸೂರಿನಲ್ಲಿ, ವಿ.ಪಿ. ಮಾಧವರಾವ್ ದಿವಾನರಾಗಿದ್ದಾಗ, 1908ರಲ್ಲಿ ವೃತ್ತಪತ್ರಿಕೆಗಳ ನಿಯಂತ್ರಣ ಕಾನೂನು ಬಂತು. ಸರ್ಕಾರದ ಅನುಮತಿ ಇಲ್ಲದೆ ಪತ್ರಿಕೆ ನಡೆಸುವಂತಿಲ್ಲ; ಕೊಟ್ಟ ಅನುಮತಿಯನ್ನು ಸರ್ಕಾರ ಹಿಂದಕ್ಕೆ ಪಡೆಯಬಹುದು. ತಾತಯ್ಯನೆಂದೇ ನಾಡು ಕರೆದ ಎಂ. ವೆಂಕಟಕೃಷ್ಣಯ್ಯನವರು ಇದನ್ನು ಪ್ರತಿಭಟಿಸಿ ತಾವು ನಡೆಸುತ್ತಿದ್ದ ಪತ್ರಿಕೆಗಳನ್ನೇ ನಿಲ್ಲಿಸಿದರು. ತರುಣ ಡಿ.ವಿ. ಗುಂಡಪ್ಪನವರು ಪತ್ರಿಕಾವೃತ್ತಿಗೆ ಕಾಲಿಟ್ಟ ದಿನಗಳು ಈ ಕಾನೂನಿನ ನೆರಳಲ್ಲೇ ಕಳೆದವು. ಮುಂದೆ 1913ರಲ್ಲಿ ‘ಕರ್ನಾಟಕ’ ಪತ್ರಿಕೆ ಆರಂಭಿಸಿದ ಅವರಿಗೆ ಪತ್ರಿಕಾ ಸ್ವಾತಂತ್ರ್ಯ ಪುಸ್ತಕದ ವಿಷಯವಾಗಿರಲಿಲ್ಲ, ದಿನದ ಅನ್ನವಾಗಿತ್ತು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಆ ಕಾಲದ ಪತ್ರಿಕೆಗಳಿಗೆ ಊರೂರಿನ ಸುದ್ದಿ ತಲುಪುತ್ತಿದ್ದುದು ಅಂಚೆಯಲ್ಲಿ. ಕಾಗದ ಬರೆದವನ ಹೆಸರು ಅಮಲ್ದಾರನಿಗೆ ತಿಳಿಯುತ್ತದೆ ಎಂದಾದರೆ ಕಾಗದ ಬರುವುದೇ ಇಲ್ಲ; ಕಾಗದ ಬರದಿದ್ದರೆ ಪತ್ರಿಕೆಯಲ್ಲಿ ಅಚ್ಚಾಗಲು ಸತ್ಯವೂ ಇಲ್ಲ. ಹೀಗಾಗಿ ಖಾಸಗಿತನ ಒಂದು ಹಕ್ಕು, ಮಾತಿನ ಸ್ವಾತಂತ್ರ್ಯ ಮತ್ತೊಂದು ಹಕ್ಕು ಎಂದು ಬೇರೆ ಬೇರೆ ಮಾಡಿ ನೋಡುವುದು ತಪ್ಪು. ಮೊದಲನೆಯದನ್ನು ಕಿತ್ತುಕೊಂಡರೆ ಎರಡನೆಯದು ತಾನಾಗಿಯೇ ಬಾಡುತ್ತದೆ.

ಮೈಸೂರಿನ ಅಂಚೆ 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯಲ್ಲಿ ವಿಲೀನವಾಯಿತು. ಅಷ್ಟು ಹೊತ್ತಿಗೆ 1885ರ ಟೆಲಿಗ್ರಾಫ್ ಕಾಯ್ದೆ ಬಂದಿತ್ತು, 1898ರಲ್ಲಿ ಅಂಚೆ ಕಾಯ್ದೆಯೂ ಬಂತು. ಅರಸನ ಇಚ್ಛೆಯ ಜಾಗದಲ್ಲಿ ಕಾನೂನು ಬಂದದ್ದು ಮುನ್ನಡೆಯೇ. ಆದರೆ ಆ ಕಾನೂನನ್ನು ಬರೆದದ್ದು ಕಾಗದ ತೆರೆಯುವವನ ಕಡೆಯಿಂದ. ಸಾರ್ವಜನಿಕ ತುರ್ತು, ಸಾರ್ವಜನಿಕ ಸುರಕ್ಷತೆ ಎಂಬ ಎರಡು ಮಾತು ಹೇಳಿದರೆ ಸಾಕು, ತೆರೆಯಬಹುದಿತ್ತು. ಸ್ವತಂತ್ರ ಭಾರತ ಅದನ್ನು ಹಾಗೆಯೇ ಉಳಿಸಿಕೊಂಡಿತು. 1986ರಲ್ಲಿ ಕಾಗದ ತೆರೆಯುವ ಅಧಿಕಾರವನ್ನು ಇನ್ನಷ್ಟು ಹಿಗ್ಗಿಸುವ ಅಂಚೆ ತಿದ್ದುಪಡಿ ಮಸೂದೆಯನ್ನು ಸಂಸತ್ತಿನ ಎರಡೂ ಸದನಗಳು ಒಪ್ಪಿದವು. ರಾಷ್ಟ್ರಪತಿ ಜೈಲ್ ಸಿಂಗ್ ಅದಕ್ಕೆ ಸಹಿ ಹಾಕಲಿಲ್ಲ, ಹಿಂದಿರುಗಿಸಲೂ ಇಲ್ಲ; ಅದು ಕಾಯ್ದೆಯಾಗದೆ ಉಳಿಯಿತು. ಎರಡು ವರ್ಷದಲ್ಲಿ ಬೆಂಗಳೂರಿನ ಸರದಿ. ಪಂಚಾಯತ್ ರಾಜ್ ಸುಧಾರಣೆಗೂ ಲೋಕಾಯುಕ್ತಕ್ಕೂ ಹೆಸರಾದ ರಾಮಕೃಷ್ಣ ಹೆಗಡೆಯವರು ದೂರವಾಣಿ ಕದ್ದಾಲಿಕೆಯ ಆರೋಪದ ನಡುವೆ 1988ರ ಆಗಸ್ಟ್‌ನಲ್ಲಿ ಮುಖ್ಯಮಂತ್ರಿ ಸ್ಥಾನ ಬಿಟ್ಟರು. ಅವರ ಆಡಳಿತವನ್ನು ಮೆಚ್ಚಿದವರು ಇಂದಿಗೂ ಅನೇಕರಿದ್ದಾರೆ, ಮೆಚ್ಚುವ ಕಾರಣಗಳೂ ಇವೆ. ಆದ್ದರಿಂದಲೇ ಈ ಪ್ರಕರಣ ಮುಖ್ಯ. ಆಳುವವರ ಸಜ್ಜನಿಕೆ ದೂರವಾಣಿಗೆ ಕಾವಲಲ್ಲ. 2019ರಲ್ಲಿ ಮತ್ತೆ ಅದೇ ಆರೋಪ ರಾಜ್ಯದಲ್ಲಿ ಎದ್ದಿತು, ತನಿಖೆ ಸಿಬಿಐಗೆ ಹೋಯಿತು. ಪಕ್ಷ ಬದಲಾಗಿತ್ತು, ಯಂತ್ರ ಬದಲಾಗಿರಲಿಲ್ಲ.

ಆ ಎರಡು ಪ್ರಕರಣಗಳ ನಡುವೆ, 1996ರ ಡಿಸೆಂಬರ್‌ನಲ್ಲಿ, ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಕದ್ದಾಲಿಕೆಗೆ ಮೊದಲ ಬಾರಿಗೆ ಕಟ್ಟುಪಾಡು ವಿಧಿಸಿತು. ಗೃಹ ಕಾರ್ಯದರ್ಶಿಯ ಆದೇಶ ಬೇಕು, ಆದೇಶಕ್ಕೆ ಅವಧಿ ಇರಬೇಕು, ಪರಿಶೀಲನಾ ಸಮಿತಿ ಅದನ್ನು ನೋಡಬೇಕು. ಒಳ್ಳೆಯ ತೀರ್ಪು, ಅರ್ಧ ತೀರ್ಪು. ನ್ಯಾಯಾಧೀಶರ ಪೂರ್ವಾನುಮತಿ ಬೇಕೆಂಬ ಬೇಡಿಕೆಯನ್ನು ಅದು ಒಪ್ಪಲಿಲ್ಲ. ಆದೇಶ ಕೊಡುವವರೂ ಅಧಿಕಾರಿಗಳು, ಅದನ್ನು ಪರಿಶೀಲಿಸುವವರೂ ಅಧಿಕಾರಿಗಳು. ಪರಿಣಾಮವೇನಾಯಿತೆಂದು ದತ್ತಾಂಶ ರಕ್ಷಣೆಯ ಬಗ್ಗೆ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಸಮಿತಿ 2018ರಲ್ಲಿ ಕೊಟ್ಟ ವರದಿಯಲ್ಲಿದೆ: ಎರಡು ತಿಂಗಳಿಗೊಮ್ಮೆ ಸೇರುವ ಪರಿಶೀಲನಾ ಸಮಿತಿಯ ಮುಂದೆ ಪ್ರತಿ ಸಭೆಗೂ 15,000ದಿಂದ 18,000 ಆದೇಶಗಳು ಬರುತ್ತವೆ. ಒಂದೊಂದು ಆದೇಶಕ್ಕೂ ಒಂದು ನಿಮಿಷ ಕೊಟ್ಟರೂ ಹಗಲು ರಾತ್ರಿ ಕುಳಿತು ಹತ್ತು ದಿನಕ್ಕೂ ಮೀರಿ ಓದಬೇಕು.

ಈ ಕಥೆಯ ಬಹು ದೊಡ್ಡ ತಿರುವು ಕನ್ನಡಿಗರೊಬ್ಬರ ಹೆಸರಿನಲ್ಲಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ, ತಮ್ಮ ಎಂಬತ್ತಾರನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದರು. ಆಗ ಕೋಟ್ಯಂತರ ಜನರ ಬೆರಳಚ್ಚು, ಕಣ್ಣಿನ ಗುರುತು ಸಂಗ್ರಹವಾಗುತ್ತಿದ್ದವು, ಆದರೆ ಅದಕ್ಕೆ ಸಂಸತ್ತು ಮಾಡಿದ ಕಾನೂನೇ ಇರಲಿಲ್ಲ. ಆಧಾರ್ ಕಾಯ್ದೆ ಬಂದದ್ದು 2016ರಲ್ಲಿ. 1954ರ ಮತ್ತು 1962ರ ಹಳೆಯ ತೀರ್ಪುಗಳನ್ನು ಮುಂದಿಟ್ಟು, ಭಾರತದ ಪ್ರಜೆಗೆ ಖಾಸಗಿತನದ ಮೂಲಭೂತ ಹಕ್ಕೇ ಇಲ್ಲ ಎಂದು ಸರ್ಕಾರ ವಾದಿಸಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಆ ವಾದವನ್ನು ತಳ್ಳಿಹಾಕಿತು. ತುರ್ತು ಪರಿಸ್ಥಿತಿಯಲ್ಲಿ ಪ್ರಜೆಯ ಜೀವದ ಹಕ್ಕನ್ನೇ ಅಮಾನತಿನಲ್ಲಿಟ್ಟಿದ್ದ 1976ರ ತೀರ್ಪನ್ನೂ ಅಂದೇ ರದ್ದುಮಾಡಿತು. ಖಾಸಗಿತನ ಪಶ್ಚಿಮದಿಂದ ಬಂದ ಸರಕು, ಹೊಟ್ಟೆ ತುಂಬಿದವರ ಚಿಂತೆ ಎಂಬ ಆಕ್ಷೇಪ ಈ ಮೊಕದ್ದಮೆಯುದ್ದಕ್ಕೂ ಕೇಳಿಬಂತು. 1890ರಲ್ಲಿ ಅಮೆರಿಕದ ವಾರನ್ ಮತ್ತು ಬ್ರಾಂಡೈಸ್ ಅದಕ್ಕೆ ಕಾನೂನಿನ ರೂಪ ಕೊಟ್ಟದ್ದು ನಿಜ. ಆದರೆ ಹಕ್ಕಿಗೆ ಮೊದಲು ಅದನ್ನು ಕಸಿದುಕೊಂಡ ಚರಿತ್ರೆ ಇರುತ್ತದೆ, ಮತ್ತು ಆ ಚರಿತ್ರೆ ನಮ್ಮಲ್ಲಿ 1672ರಷ್ಟು ಹಳೆಯದು. ಇನ್ನು ಬಡವರ ಮಾತು. ದುಡಿದು ಬೆರಳಗೆರೆ ಸವೆದವರಿಗೆ ಪಡಿತರದ ಯಂತ್ರ ಒಪ್ಪದೆ ಅಕ್ಕಿ ತಪ್ಪಿದ್ದು ಬಡವರಿಗೆ, ಶ್ರೀಮಂತರಿಗಲ್ಲ. ದೊಡ್ಡಬಳ್ಳಾಪುರದ ಮಗ್ಗದ ಕಾರ್ಮಿಕನ ಫೋನ್ ಸಂಖ್ಯೆ, ಸಾಲದ ವಿವರ, ಕಾಯಿಲೆಯ ವಿವರ ಯಾರ್ಯಾರ ಕೈಗೋ ಹೋದರೆ ಅದನ್ನು ಪ್ರಶ್ನಿಸಲು ಅವನಿಗೆ ವಕೀಲರಿಲ್ಲ. ಉಳ್ಳವರು ಗೋಡೆ ಕಟ್ಟಿಕೊಳ್ಳಬಲ್ಲರು. ಕಾನೂನಿನ ಗೋಡೆ ಬೇಕಾಗಿರುವುದು ಇಲ್ಲದವರಿಗೇ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ರಕ್ತದ ನೆನಪಿನಿಂದ ಬರುತ್ತದೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸ್ಆ್ಯಪ್ ವದಂತಿಯಿಂದ ಕೆರಳಿದ ಗುಂಪು ಹೈದರಾಬಾದಿನಿಂದ ಬಂದಿದ್ದ ಯುವ ಎಂಜಿನಿಯರನ್ನು ಹೊಡೆದು ಕೊಂದಿತು. ಅದಕ್ಕೂ ಮುನ್ನ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲೂ ಇಂಥದ್ದೇ ಸಾವು ಆಗಿತ್ತು. ಯಾರೂ ಓದಲಾಗದಂತೆ ಮುದ್ರೆಯೊತ್ತಿ ಸಾಗುವ ಸಂದೇಶ ಕೊಲೆಗೂ ದಾರಿಯಾಗುತ್ತದೆ ಎಂಬುದನ್ನು ಅಲ್ಲಗಳೆಯುವುದು ಸತ್ತವರಿಗೆ ಮಾಡುವ ಅವಮಾನ. ಆದರೆ ಮುರ್ಕಿಯಲ್ಲಿ ಪೊಲೀಸರಿಗೆ ಹಲವರನ್ನು ಬಂಧಿಸಲು ಸಾಧ್ಯವಾದದ್ದು ಕೋಟ್ಯಂತರ ಜನರ ಸಂದೇಶಗಳನ್ನು ಒಡೆದು ನೋಡಿದ್ದರಿಂದಲ್ಲ. ಸಾಕ್ಷಿಗಳಿದ್ದರು, ವಿಡಿಯೊಗಳಿದ್ದವು, ವದಂತಿ ಪಡೆದವರ ಕೈಯಲ್ಲೇ ಫೋನುಗಳಿದ್ದವು. ಅದೇ ತಿಂಗಳು ವಾಟ್ಸ್ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಕಳಿಸಬಹುದೆಂಬ ಮಿತಿ ತಂದಿತು. ಹರಡುವ ವೇಗ ತಗ್ಗಿಸಲು ಯಾರ ಕಾಗದವನ್ನೂ ತೆರೆಯಬೇಕಾಗಲಿಲ್ಲ. ಆದೇಶ ಬಂದಾಗ ಯಾವುದೇ ಸಂದೇಶದ ಮೂಲ ಕಳುಹಿಸಿದವರನ್ನು ಪತ್ತೆಮಾಡುವಂತಿರಬೇಕೆಂದು 2021ರ ಐಟಿ ನಿಯಮಗಳು ಹೇಳುತ್ತವೆ. ಕೊಲೆಗಾರನೊಬ್ಬನನ್ನು ಹುಡುಕಲು ಎಲ್ಲರ ಮುದ್ರೆಯನ್ನೂ ಒಡೆಯುವ ಈ ದಾರಿಯಲ್ಲಿ, ಲಂಚದ ಸುದ್ದಿ ಪತ್ರಕರ್ತನಿಗೆ ತಿಳಿಸುವ ಗುಮಾಸ್ತನೂ, ಗಂಡನ ಹಿಂಸೆಯನ್ನು ತವರಿಗೆ ಹೇಳುವ ಹೆಣ್ಣುಮಗಳೂ ಬಯಲಿಗೆ ಬೀಳುತ್ತಾರೆ. ನಿರ್ದಿಷ್ಟ ಅನುಮಾನ, ನಿರ್ದಿಷ್ಟ ವ್ಯಕ್ತಿ, ನ್ಯಾಯಾಧೀಶರ ಆದೇಶ: ಇವು ಮೂರೂ ಇದ್ದಾಗ ಫೋನು ವಶಪಡಿಸಿಕೊಳ್ಳಲು ನನ್ನ ವಿರೋಧವಿಲ್ಲ.

ಹಾಗಾದರೆ ಎಲ್ಲವನ್ನೂ ಮುಚ್ಚಿಡಬೇಕೇ? ಇಲ್ಲ. ಸರ್ಕಾರದ ಕಡತ ತೆರೆದಿರಬೇಕು, ಪ್ರಜೆಯ ಮಾತು ಮುಚ್ಚಿರಬೇಕು. 2001ರ ಹೊತ್ತಿಗೆ ಭೂಮಿ ಯೋಜನೆಯಲ್ಲಿ ಕರ್ನಾಟಕ ಸುಮಾರು ಎರಡು ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಅಲ್ಲಿಯವರೆಗೆ ಅವು ಗ್ರಾಮಲೆಕ್ಕಿಗರ ಕಪಾಟಿನಲ್ಲಿದ್ದವು. ಆ ತೆರೆಯುವಿಕೆ ರೈತರಿಗೆ ಒಳಿತೇ ಮಾಡಿತು. ಈಗ ನಡೆಯುತ್ತಿರುವುದು ತಿರುವುಮುರುವು. ಐಟಿ ಕಾಯ್ದೆಯ 69ಎ ಕಲಮಿನ ಪ್ರಕಾರ ಬರಹವೊಂದನ್ನು ಅಂತರ್ಜಾಲದಿಂದ ತೆಗೆಸಿದಾಗ, 2009ರ ನಿಯಮಗಳ 16ನೇ ನಿಯಮ ಆ ದೂರನ್ನೂ ಕ್ರಮವನ್ನೂ ಗೋಪ್ಯವಾಗಿಡಬೇಕೆನ್ನುತ್ತದೆ. ನೋಟಿಸನ್ನು ಬರೆದವರಿಗೆ ಅಥವಾ ಮಧ್ಯವರ್ತಿ ಕಂಪನಿಗೆ ಕೊಡಬಹುದು. ಆದ್ದರಿಂದ ತನ್ನ ಮಾತು ಏಕೆ ಮಾಯವಾಯಿತೆಂದು ಬರೆದವರಿಗೆ ತಿಳಿಯದೆಯೂ ಇರಬಹುದು. ಟ್ವಿಟರ್ ಇದನ್ನು ಪ್ರಶ್ನಿಸಿದಾಗ ಕರ್ನಾಟಕ ಹೈಕೋರ್ಟ್ 2023ರ ಜೂನ್ 30ರಂದು ಅರ್ಜಿ ವಜಾ ಮಾಡಿ 50 ಲಕ್ಷ ರೂಪಾಯಿ ದಂಡ ವಿಧಿಸಿತು. 2025ರ ಸೆಪ್ಟೆಂಬರ್‌ನಲ್ಲಿ ಬರಹ ತೆಗೆಸುವ ಆದೇಶಗಳನ್ನು ಕಂಪನಿಗಳಿಗೆ ಕಳಿಸುವ ಸರ್ಕಾರದ ಸಹಯೋಗ್ ಪೋರ್ಟಲ್ ವಿರುದ್ಧ ಎಕ್ಸ್ (ಹಿಂದಿನ ಟ್ವಿಟರ್) ಕಂಪನಿ ತಂದ ಅರ್ಜಿಯನ್ನೂ ಅದು ತಳ್ಳಿಹಾಕಿತು. ಮಾತಿನ ಸ್ವಾತಂತ್ರ್ಯ ಪ್ರಜೆಗಳಿಗೆ ಇರುವುದು, ವಿದೇಶಿ ಕಂಪನಿಗಲ್ಲ ಎಂದಿತು. ಕಂಪನಿ ವಿದೇಶದ್ದಿರಬಹುದು, ಅಲ್ಲಿ ಕನ್ನಡದಲ್ಲಿ ಬರೆದವರು ಈ ದೇಶದ ಪ್ರಜೆಗಳು. ಅವರ ಹಕ್ಕನ್ನು ಕಂಪನಿಯ ಮೊಕದ್ದಮೆಯ ಜೊತೆಗೆ ವಜಾ ಮಾಡಲಾಗದು. 2023ರ ದತ್ತಾಂಶ ರಕ್ಷಣಾ ಕಾಯ್ದೆ ಸರ್ಕಾರದ ಯಾವುದೇ ಸಂಸ್ಥೆಗೆ ವಿನಾಯಿತಿ ಕೊಡುವ ಅಧಿಕಾರವನ್ನು ಕೇಂದ್ರಕ್ಕೆ ನೀಡಿದೆ, ಜೊತೆಗೆ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಮನ್ನು ತಿದ್ದಿ ಅಧಿಕಾರಿಗಳ ವಿವರಕ್ಕೆ ಖಾಸಗಿತನದ ತೆರೆ ಎಳೆದಿದೆ. ಪುಟ್ಟಸ್ವಾಮಿಯವರು ಪ್ರಜೆಗಾಗಿ ಗೆದ್ದುಕೊಟ್ಟ ಹಕ್ಕು ಹೀಗೆ ಸರ್ಕಾರದ ಗುರಾಣಿಯಾಗುತ್ತಿದೆ.

ಜೈಲ್ ಸಿಂಗ್ ಸಹಿ ಹಾಕದೆ ಬಿಟ್ಟ ಅಧಿಕಾರವೂ ಮರಳಿ ಬಂದಿದೆ. 2023ರ ಹೊಸ ಅಂಚೆ ಕಾಯ್ದೆ 2024ರ ಜೂನ್ 18ರಿಂದ ಜಾರಿಯಲ್ಲಿದೆ. ಅದರ 9ನೇ ಕಲಮು, ಕೇಂದ್ರ ಸರ್ಕಾರ ಅಧಿಕಾರ ಕೊಟ್ಟ ಯಾವುದೇ ಅಧಿಕಾರಿ ದೇಶದ ಭದ್ರತೆಯಿಂದ ಹಿಡಿದು ಯಾವುದೋ ಒಂದು ಕಾನೂನಿನ ಉಲ್ಲಂಘನೆಯವರೆಗಿನ ಕಾರಣಕ್ಕೆ ಅಂಚೆಯನ್ನು ತಡೆಯಬಹುದು, ತೆರೆಯಬಹುದು ಎನ್ನುತ್ತದೆ. ನ್ಯಾಯಾಧೀಶರ ಹೆಸರು ಅಲ್ಲಿಲ್ಲ. ಅದೇ ವರ್ಷದ ದೂರಸಂಪರ್ಕ ಕಾಯ್ದೆಯಲ್ಲೂ ಆದೇಶ ಕೊಡುವುದು ಸರ್ಕಾರವೇ. ಪಿಯುಸಿಎಲ್ ತೀರ್ಪು ಬಿಟ್ಟುಹೋದ ಅರ್ಧವನ್ನು ತುಂಬುವ ಕೆಲಸ ನ್ಯಾಯಾಲಯದ್ದಲ್ಲ, ಶಾಸನ ಮಾಡುವವರದು. ಅವರನ್ನು ಕೇಳಬೇಕಾದವರು ನಾವು. ದೊಡ್ಡಬಳ್ಳಾಪುರ ಸೀಮೆಯ ಊರುಗಳಿಗೆ ಮುಂದಿನ ಲೋಕಸಭೆ ಚುನಾವಣೆಯಲ್ಲಿ ಮತ ಕೇಳಲು ಬರುವ ಪ್ರತಿಯೊಬ್ಬರನ್ನೂ, ಯಾವ ಪಕ್ಷದವರೇ ಆಗಿರಲಿ, ರಸ್ತೆ ನೀರುಗಳ ಜೊತೆಗೆ ಇದನ್ನೂ ಕೇಳಿ: ಪ್ರಜೆಯ ಕಾಗದವನ್ನೋ ಫೋನನ್ನೋ ತೆರೆಯುವ ಮುನ್ನ ನ್ಯಾಯಾಧೀಶರ ಅನುಮತಿ ಪಡೆಯಬೇಕು, ತನಿಖೆ ಮುಗಿದ ಮೇಲೆ ಆ ಪ್ರಜೆಗೆ ತಿಳಿಸಬೇಕು ಎನ್ನುವ ತಿದ್ದುಪಡಿಗೆ ನೀವು ಸದನದಲ್ಲಿ ಕೈ ಎತ್ತುತ್ತೀರಾ?